ಒಳಗಿಸೆ

ನೀರು ಕುದಿಯಬಾರದು.
ಕುದಿಯುವ ಮುಂಚಿನ ನಡುಕ ಇದೆಯಲ್ಲ,
ತಳದ ಗುಳ್ಳೆಗಳು ಸಾಸಿವೆಯಷ್ಟಾಗಿ
ಏಳಲೋ ಬೇಡವೋ ಅನ್ನುವ ಹೊತ್ತು,
ಆಗ ಒಂದು ಚಮಚ ವಿನೆಗರ್,
ಸೌಟಿನಲ್ಲೊಂದು ಸುತ್ತು,
ಸುಳಿಯ ನಡುವಿಗೆ ಮೊಟ್ಟೆ.

ಲೋಳೆ ಹಳದಿಯನ್ನು ತಬ್ಬುತ್ತದೆ ಅಂತ
ಯಾರೋ ಬರೆದಿದ್ದರು.
ತಬ್ಬುವುದೆಲ್ಲಿ ಬಂತು!
ಅಮ್ಮ ಅನ್ನುತ್ತಿದ್ದಳು:
ಬಚ್ಚಿಡುತ್ತದೆ, ಟ್ಯಾಬಿ. ನೋಡಿ ಕಲಿ.

ಪೋಚ್.
ಹೆರೆಫರ್ಡ್‌ಶೈರಿನ ನಮ್ಮ ಮೂಲೆಯಲ್ಲಿ
ಮೊಟ್ಟೆಯನ್ನು ಹೀಗೆ ಬೇಯಿಸುವುದಕ್ಕೆ ಆ ಹೆಸರು.
ಒಡೆಯನ ಕಾಡಿಗೆ ಇರುಳಲ್ಲಿ ನುಗ್ಗಿ
ಮೊಲವನ್ನು ಕೋಟಿನೊಳಗೆ ತರುವುದಕ್ಕೂ ಅದೇ.
ಅಪ್ಪ ಹಗಲು ಬೇಲಿ ಕಟ್ಟುತ್ತಿದ್ದ,
ರಾತ್ರಿ ಹಾರುತ್ತಿದ್ದ.
ಇನ್ನು ದನಗಳ ಗೊರಸು ತುಳಿದು ತುಳಿದು
ಗೇಟಿನ ಬಾಯಲ್ಲಿ ನೆಲ ಅಂಬಲಿಯಾದರೆ
ಅದನ್ನೂ ಪೋಚಾಯಿತು ಅನ್ನುತ್ತೇವೆ.

ನನಗೆ ಏಳು ವರ್ಷ. ಮಾರ್ಚಿಯ ಒಂದು ಮುಂಜಾನೆ
ಗಾವಲಿನ ಪ್ರೀಸ್ ಬಾಗಿಲು ತಟ್ಟಿದ.
ಅಪ್ಪನ ಕೋಟು ಆಗತಾನೇ ಗೂಟಕ್ಕೇರಿತ್ತು.
ಅದರೊಳಗೆ ಅಮ್ಮ ಹೊಲಿದ ಕಿಸೆ,
ಹಿಟ್ಟಿನ ಮೂಟೆಯದ್ದು, ಬೆನ್ನಗಲ,
ಗಿರಣಿಯ ಹೆಸರಿನ ಅರ್ಧ ಇನ್ನೂ ಉಳಿದಿತ್ತು.
ಕಿಸೆಯಲ್ಲಿ ಇನ್ನೂ ಬೆಚ್ಚಗಿದ್ದ ಮೊಲ.

"ನಾಯಿ ಹೊರಗಿರಲಿ, ಈಗಷ್ಟೇ ನೆಲ ಉಜ್ಜಿದ್ದೇನೆ,"
ಅಂದಳು ಅಮ್ಮ.
ನಾಯಿ ಹೊರಗೆ ಒಂದೇ ಸಮನೆ ಕುಂಯ್‌ಗುಟ್ಟಿತು.
ಅದಕ್ಕೆ ಎಲ್ಲ ಗೊತ್ತಿತ್ತು.

ಪ್ರೀಸ್ ಕೂತ. ಕೋಟು ಅವನ ಬೆನ್ನ ಹಿಂದೆ.
"ಗೇಟಿನವರೆಗೆ ಹೆಜ್ಜೆ ಇತ್ತು, ಈನಾಕ್.
ಆಮೇಲೆ ನೆಲವೆಲ್ಲ ಪೋಚಾಗಿದೆ.
ದೇವರಿಗೂ ಒಂದು ಪಾದ ಸಿಗಲಿಕ್ಕಿಲ್ಲ."
ಅಪ್ಪ ಬೂಟಿನ ದಾರ ಬಿಚ್ಚುತ್ತಿದ್ದ,
ಬಿಚ್ಚಿದ್ದನ್ನೇ ಮತ್ತೆ ಬಿಚ್ಚುತ್ತಿದ್ದ.

"ಮೊಟ್ಟೆ ಹೇಗಿರಲಿ, ಮಿಸ್ಟರ್ ಪ್ರೀಸ್?"
ಅವನು ಅಮ್ಮನನ್ನು ನೋಡಿದ. ಬಹಳ ಹೊತ್ತು.
"ಪೋಚ್ ಮಾಡಿದ್ದೇ ಆಗಲಿ."

ಆಗ ನೋಡಿದೆ: ಕೋಟಿನ ಅಂಚಿನಿಂದ
ಕಲ್ಲುಹಾಸಿನ ಮೇಲೆ ಒಂದು ಹನಿ.
ನಾನು ಹೋಗಿ ಅದರ ಮೇಲೆ ನಿಂತೆ.
ಇನ್ನೊಂದು ಹನಿ ನನ್ನ ಕಾಲ್ಬೆರಳ ಮೇಲೆ ಬಿತ್ತು.
ನಗಬೇಕೆನಿಸಿತು, ಯಾಕೋ ಗೊತ್ತಿಲ್ಲ.

ಅವನು ಫೋರ್ಕಿನಿಂದ ಮೊಟ್ಟೆಯನ್ನು ಮೆಲ್ಲಗೆ ಮೀಟಿದ.
ಬಿಳಿ ಹರಿಯಿತು. ಒಳಗಿದ್ದದ್ದೆಲ್ಲ
ತಟ್ಟೆಯ ತುಂಬ ಹೊರಬಂತು.
ಬ್ರೆಡ್ಡಿನಿಂದ ಒರೆಸಿ ತಿಂದ, ಗುರುತು ಉಳಿಯದಂತೆ.

ಹೋಗುವಾಗ ಗೂಟದ ಬಳಿ ನಿಂತು
ಕೋಟಿನ ಕಾಲರು ಸರಿಮಾಡಿದ.
"ಭಾರ ಇದೆ, ಈನಾಕ್. ಮಳೆಗೆ ನೆನೆದಿರಬೇಕು."
ವಾರದಿಂದ ಒಂದು ಹನಿ ಮಳೆ ಇರಲಿಲ್ಲ.

ಲೆಡ್‌ಬರಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ
ನಾನು ಅಡುಗೆ ಮಾಡಿದೆ.
ಒಂದು ರಜೆಯಲ್ಲಿ ದಪ್ಪ ನಿಘಂಟಿನ ಧೂಳು ಕೊಡವುತ್ತ
ಪದವನ್ನು ಹುಡುಕಿದೆ.
ಹಳೆಯ ಫ್ರೆಂಚಿನಲ್ಲಿ ಪೋಶ್ ಅಂದರೆ ಚೀಲವಂತೆ.
ಪಾಕೆಟ್ಟು ಅದೇ ಚೀಲದ ಮರಿಯಂತೆ.
ಹಳದಿಯನ್ನು ಬಿಳಿಯ ಚೀಲಕ್ಕೆ ಹಾಕುವುದು, ಅಷ್ಟೇ.
ಮೊಲದ ಅರ್ಥಕ್ಕೂ ಅದೇ ಚೀಲವೋ,
ಅಥವಾ ಚುಚ್ಚು, ತುಳಿ ಅನ್ನುವ ಬೇರೆ ಬೇರೋ,
ಪಂಡಿತರಲ್ಲಿ ಒಮ್ಮತವಿಲ್ಲ ಎಂದು ಬರೆದಿತ್ತು.

ನಾನು ಅವರಿಗೆ ಕಾಗದ ಬರೆಯಬಹುದಿತ್ತು.
ಬರೆಯಲಿಲ್ಲ. ಎಷ್ಟಾದರೂ ಅದು ಇನ್ನೊಬ್ಬರ ಗುಟ್ಟು.

ಆ ಸಂಜೆ ಅಮ್ಮ ಮೊಲದ ಸಾರಿನಲ್ಲಿ ಅರ್ಧವನ್ನು
ನೀಲಿ ಬಟ್ಟಲಿಗೆ ಸುರಿದು, ಬಟ್ಟೆ ಮುಚ್ಚಿ,
ಪ್ರೀಸನ ಹಿತ್ತಿಲ ಬಾಗಿಲಿಗೆ ನನ್ನನ್ನು ಕಳಿಸಿದ್ದಳು.
ಬಟ್ಟಲು ಮೂರನೇ ದಿನ ತೊಳೆದು ಬಂತು.
ಮಾತಿಲ್ಲ. ಅಂಚು ಒಂದು ಕಡೆ ಚಕ್ಕೆ ಹಾರಿತ್ತು.

ಈಗಲೂ ಮೊಟ್ಟೆ ಒಡೆಯುವುದು
ಆ ಚಕ್ಕೆ ಹಾರಿದ ಜಾಗಕ್ಕೇ ಬಡಿದು.